ಮನೆಯ ಎಲ್ಲ ಕೋಣೆಗಳಿಗೂ ಸಂಗೀತ: ಮಿತವ್ಯಯದ ಮಾರ್ಗ

ಮನೆಯ ಹಲವು ಕೋಣೆಗಳಲ್ಲಿ ಒಂದೇ ಸಂಗೀತವನ್ನು ಏಕಕಾಲಕ್ಕೆ, ಅಥವಾ ಒಂದೊಂದು ಕೋಣೆಯಲ್ಲಿ ಬೇರೆ ಬೇರೆ ಸಂಗೀತವನ್ನು ಕೇಳಿಸುವ ಏರ್ಪಾಡಿಗೆ ‘ಮಲ್ಟಿ ರೂಮ್’ ವ್ಯವಸ್ಥೆ ಎಂದು ಹೆಸರು. ಇದು ಸಿರಿವಂತರಿಗೆ ಮಾತ್ರ ಸಲ್ಲುವುದೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಈಗ ಅಟ್ಟ ಸೇರಿರುವ ಹಳೆಯ ಆಂಪ್ಲಿಫೈಯರ್ ಹಾಗೂ ಸ್ಪೀಕರ್‌ಗಳು ಸುಸ್ಥಿತಿಯಲ್ಲಿದ್ದರೆ ಹೆಚ್ಚಿನ ಖರ್ಚೇ ಉಳಿಯಿತೆಂದು ತಿಳಿಯಬೇಕು.

ಸರ್ವರ್: ಹಾಡುಗಳ ಸಂಗ್ರಹವನ್ನಿಟ್ಟು ಎಲ್ಲ ಕೋಣೆಗಳಿಗೂ ಹಂಚುವ ಕಂಪ್ಯೂಟರ್ ಇದು; ಹಳೆಯದೊಂದು ಸಾಕು. ಇದಕ್ಕೆ ‘ಲಿರಿಯಾನ್ ಮ್ಯೂಸಿಕ್ ಸರ್ವರ್’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಸ್ಲಿಮ್ ಡಿವೈಸಸ್ ಸಂಸ್ಥೆ ರೂಪಿಸಿದ ಈ ತಂತ್ರಾಂಶವು 2006ರಲ್ಲಿ ಲಾಜಿಟೆಕ್ ಕೈಸೇರಿತು. ಇದರೊಡನೆ ಬಳಸುತ್ತಿದ್ದ ‘ಸ್ಕ್ವೀಜ್‌ಬಾಕ್ಸ್’ ಉಪಕರಣಗಳ ಸರಣಿಯನ್ನು ಲಾಜಿಟೆಕ್ 2012ರಲ್ಲಿ ಕೈಬಿಟ್ಟಿತು. ಆದರೂ ತಂತ್ರಾಂಶದ ಮೂಲವು ಮುಕ್ತವಾಗಿದ್ದುದರಿಂದ ಆಸಕ್ತರು ಅದನ್ನು ಉಳಿಸಿ ಬೆಳೆಸಿದರು. ಇಂದಿನ ಹೆಸರು ಬಂದುದು 2024ರಲ್ಲಿ.

ಪ್ಲೇಯರ್: ಕೋಣೆಗೊಂದು ಬೇಕು. 2012ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ‘ರಾಸ್ಪ್‌ಬೆರಿ ಪೈ’ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ‘ಪೈಕೋರ್‌ಪ್ಲೇಯರ್’ ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಿದರಾಯಿತು. ಅಂಕಿಗಳನ್ನು ಧ್ವನಿಯಾಗಿಸುವ ‘ಡ್ಯಾಕ್’ ಎಂಬ ಚಿಕ್ಕ ಫಲಕವನ್ನು ಜೊತೆಗೆ ಜೋಡಿಸುವುದು ಒಳಿತು.

ಆಂಪ್ಲಿಫೈಯರ್: ಹಳೆಯದಿಲ್ಲದಿದ್ದರೆ ‘ಕ್ಲಾಸ್ ಡಿ’ ಬಗೆಯ ಚಿಕ್ಕ ಆಂಪ್ಲಿಫೈಯರ್ ಕೊಳ್ಳಬಹುದು, ವಿದ್ಯುತ್ ವ್ಯಯ ಅಲ್ಪ, ಬಿಸಿಯೂ ಕಡಿಮೆ. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ಆಂಪ್ಲಿಫೈಯರ್ ಅಷ್ಟನ್ನು ತಾಳಬಲ್ಲದೇ ಎಂದು ಮೊದಲೇ ನೋಡಿಕೊಳ್ಳಬೇಕು.

ತಾಳಮೇಳ: ಪ್ರತಿ ಪ್ಲೇಯರ್‌ನ ಗಡಿಯಾರವೂ ತುಸು ಹಿಂದುಮುಂದಾಗಿ ಓಡುವುದರಿಂದ ಕೋಣೆಯಿಂದ ಕೋಣೆಗೆ ನಡೆದಾಗ ಹಾಡು ಪ್ರತಿಧ್ವನಿಯಂತೆ ಇಮ್ಮಡಿಯಾಗಿ ಕೇಳಿಸುವ ಅಪಾಯವಿದೆ. ಸರ್ವರ್ ಈ ವ್ಯತ್ಯಾಸವನ್ನು ಆಗಾಗ ಸರಿಪಡಿಸುತ್ತಿರುತ್ತದೆ. ಅದನ್ನು ರೌಟರಿಗೆ ವೈಫೈ ಬದಲು ತಂತಿಯಿಂದಲೇ ಜೋಡಿಸಿದರೆ ತಡೆಗಳು ಕಡಿಮೆಯಾಗುತ್ತವೆ. ಗೋಡೆಗಳಾಚೆ ಕ್ಷೀಣಿಸುವ ಬ್ಲೂಟೂತ್ ಈ ಕೆಲಸಕ್ಕೆ ತಕ್ಕುದಲ್ಲ.

ಸಂಗ್ರಹ: ಹೊರನಾಡ ಕನ್ನಡಿಗರಾದ ನಮಗೆ ಇದೇ ಮುಖ್ಯ. ಊರಿನ ತಾಳಮದ್ದಲೆ, ಮನೆಯ ಹಿರಿಯರ ಸೋಬಾನೆ ಪದ, ಸಂಘದ ವೇದಿಕೆಯ ಗಾಯನ ಮುಂತಾಗಿ ನಾವೇ ಧ್ವನಿಮುದ್ರಿಸಿಕೊಂಡ ಕ್ಯಾಸೆಟ್‌ಗಳು ಯಾವ ಚಂದಾ ಸೇವೆಯಲ್ಲೂ ದೊರೆಯವು. ಸುರುಳಿ ಹಾಳಾಗುವ ಮುನ್ನ ಅವನ್ನು ಕಂಪ್ಯೂಟರಿಗೆ ಇಳಿಸಿ, ಗುಣಮಟ್ಟ ಕುಂದದ ‘ಫ್ಲ್ಯಾಕ್’ ರೂಪದಲ್ಲಿ ಉಳಿಸಬೇಕು. ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲಿ ಬರೆಯಬೇಕು. ಹಳೆಯ ಫಾಂಟುಗಳಲ್ಲಿ ಬರೆದರೆ ಬೇರೆ ಉಪಕರಣಗಳಲ್ಲಿ ಅರ್ಥವಾಗದ ಗುರುತುಗಳಷ್ಟೇ ಕಾಣಿಸುತ್ತವೆ. ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡುವುದು ಕಡ್ಡಾಯ.

ಮೊದಲು ಒಂದೇ ಕೋಣೆಯಲ್ಲಿ ಆರಂಭಿಸಿ, ಅದು ಸರಿಬಂದ ಬಳಿಕ ಉಳಿದ ಕೋಣೆಗಳಿಗೆ ವಿಸ್ತರಿಸುವುದು ಲೇಸೆಂದು ನಮ್ಮ ಸಲಹೆ.