ದನ ಹೋಗಿ ಧನ ಆದರೆ?

ಪ್ಯಾನ್ ಕಾರ್ಡ್, ಬಾಡಿಗೆ ಕರಾರು, ಆಫೀಸಿನ ಬಿಲ್ಲು, ಏನೇ ಇರಲಿ, "ಒಂದು ಸ್ಕ್ಯಾನ್ ಕಾಪಿ ಕಳಿಸಿ" ಅಂದ್ರೆ ಸಾಕು, ಒಂದೇ ನಿಮಿಷದಲ್ಲಿ ಕಳಿಸಿಬಿಡ್ತೀವಿ. ಕಳಿಸಿದ್ದನ್ನ ಮೂಲದ ಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡೋರು ಯಾರೂ ಇಲ್ಲ. ಸ್ಕ್ಯಾನ್ ಅಂದಮೇಲೆ ಇದ್ದದ್ದು ಇದ್ದ ಹಾಗೇ ಬಂದಿರುತ್ತೆ ಅನ್ನೋದು ನಮ್ಮ ನಂಬಿಕೆ. ಈ ನಂಬಿಕೆ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ, ಸ್ಕ್ಯಾನರ್ ನಮ್ಮ ಸಾಫ್ಟ್‌ವೇರ್‌ಗಳ ಒಳಗೆ ಹೇಗೆ ಬಂತು ಅಂತ ನೋಡಬೇಕು.

1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ರಸೆಲ್ ಕಿರ್ಶ್ ತನ್ನ ಮೂರು ತಿಂಗಳ ಮಗನ ಫೋಟೋ ಒಂದನ್ನ ತಿರುಗುವ ಡ್ರಮ್ಮಿಗೆ ಸುತ್ತಿ, ಸಿಯಾಕ್ ಅನ್ನೋ ಕಂಪ್ಯೂಟರಿಗೆ ಊಡಿಸಿದ. ಬಂದದ್ದು 176×176 ಚುಕ್ಕಿಗಳ ಚಿತ್ರ. ಪ್ರತಿ ಚುಕ್ಕಿಯೂ ಕಪ್ಪು ಅಥವಾ ಬಿಳಿ, ನಡುವೆ ಏನೂ ಇಲ್ಲ. ಯಾವ ಬೂದು ಬಣ್ಣ ಕಪ್ಪಿನ ಕಡೆ, ಯಾವುದು ಬಿಳಿಯ ಕಡೆ ಅಂತ ಯಂತ್ರಕ್ಕೆ ಹೇಳಿಕೊಡಬೇಕಿತ್ತು. ಕೂಸಿನ ಕೆನ್ನೆ ಕೆನ್ನೆಯ ಹಾಗೆ ಕಾಣಲಿ ಅಂತ ಬೇರೆ ಬೇರೆ ಗೆರೆ ಎಳೆದು ಹಲವು ಸಲ ಸ್ಕ್ಯಾನ್ ಮಾಡಿ, ಒಂದರ ಮೇಲೊಂದು ಸೇರಿಸಿದರು. ಅಂದರೆ ಮೊದಲ ದಿನದಿಂದಲೂ ಸ್ಕ್ಯಾನ್ ಅನ್ನೋದು ನಕಲು ಮಾತ್ರ ಅಲ್ಲ, ತೀರ್ಮಾನ ಕೂಡ.

ಅಲ್ಲಿಂದ ಮೂವತ್ತು ವರ್ಷ ಮುಂದೆ ಬರೋಣ. 1980ರ ದಶಕದ ಕೊನೆಗೆ ಸ್ಕ್ಯಾನರ್‌ಗಳು ಮೇಜಿನ ಮೇಲೆ ಬಂದಿದ್ದವು, ಆದರೆ ಅವುಗಳ ಜೊತೆ ಮಾತಾಡೋದೇ ಕಷ್ಟ. ಒಂದೊಂದು ಕಂಪನಿಯ ಸ್ಕ್ಯಾನರಿಗೆ ಒಂದೊಂದು ಭಾಷೆ. ಪುಟ ವಿನ್ಯಾಸದ ಸಾಫ್ಟ್‌ವೇರ್ ಬರೆಯುವವನು ಇಪ್ಪತ್ತು ಸ್ಕ್ಯಾನರ್‌ಗಳಿಗೆ ಇಪ್ಪತ್ತು ಡ್ರೈವರ್ ಬರೀಬೇಕು. ಪಕ್ಕದ ಕಂಪನಿಯವನೂ ಅದೇ ಇಪ್ಪತ್ತನ್ನ ಮತ್ತೆ ಬರೀಬೇಕು. ಪೇಜ್‌ಮೇಕರ್ ಮಾಡಿದ ಆಲ್ಡಸ್ ಕಂಪನಿ 1986ರಲ್ಲೇ ಅರ್ಧ ದಾರಿ ಹಾಕಿಕೊಟ್ಟಿತ್ತು: ಎಲ್ಲ ಸ್ಕ್ಯಾನರ್‌ಗಳೂ ಚಿತ್ರವನ್ನ ಒಂದೇ ಥರ ಉಳಿಸಲಿ ಅಂತ ಟಿಫ್ ಅನ್ನೋ ಫೈಲ್ ರೂಪ. (ಪ್ರತಿ ಟಿಫ್ ಫೈಲಿನ ಆರಂಭದಲ್ಲೂ 42 ಅನ್ನೋ ಸಂಖ್ಯೆ ಇರುತ್ತೆ. ಡಗ್ಲಸ್ ಆಡಮ್ಸ್ ಓದಿದವರು ಈಗ ನಗಬಹುದು.)

ಉಳಿದರ್ಧ ದಾರಿ ಬಂದದ್ದು 1992ರಲ್ಲಿ. ಆಲ್ಡಸ್, ಕೇರ್, ಕೊಡಾಕ್, ಎಚ್‌ಪಿ, ಲಾಜಿಟೆಕ್ ಕಂಪನಿಗಳು ಒಟ್ಟಿಗೆ ಕೂತು ಟ್ವೇನ್ ಅನ್ನೋ ಒಪ್ಪಂದಕ್ಕೆ ಬಂದವು. ಉಪಾಯ ಸರಳ. ನಡುವೆ ಒಬ್ಬ ದಲ್ಲಾಳಿ. ನೀವು ಮೆನುವಿನಲ್ಲಿ "ಅಕ್ವೈರ್" ಒತ್ತಿದರೆ ನಿಮ್ಮ ಸಾಫ್ಟ್‌ವೇರ್ ಈ ದಲ್ಲಾಳಿಯನ್ನ ಕರೆಯುತ್ತೆ, ಅವನು ಸ್ಕ್ಯಾನರಿನ ಡ್ರೈವರನ್ನ ಕರೀತಾನೆ, ಸ್ಕ್ಯಾನರ್ ಕಂಪನಿಯವರದೇ ಕಿಟಕಿ ನಿಮ್ಮ ಸಾಫ್ಟ್‌ವೇರಿನ ಮೇಲೆ ತೆರೆದುಕೊಳ್ಳುತ್ತೆ. ಆ ಕಿಟಕಿ ಬೇರೆ ಬಣ್ಣ, ಬೇರೆ ಅಕ್ಷರದಲ್ಲಿ, ಯಾರದೋ ಮನೆಯ ಸಾಮಾನಿನ ಹಾಗೆ ಯಾಕೆ ಕಾಣ್ತಿತ್ತು ಅಂತ ಗೊತ್ತಾಯ್ತಲ್ಲ? ಹೆಸರು ಬಂದದ್ದು ಕಿಪ್ಲಿಂಗ್‌ನ ಒಂದು ಲಾವಣಿಯಲ್ಲಿ ಬರುವ ಹಳೇ ಇಂಗ್ಲಿಷ್ ಪದದಿಂದ. ಅರ್ಥ "ಎರಡು", ಅಂದರೆ ಜೊತೆಗೂಡಿಸೋಕೆ ಕಷ್ಟವಾದ ಸ್ಕ್ಯಾನರ್ ಮತ್ತು ಕಂಪ್ಯೂಟರ್. ಜನ ಅದನ್ನ "ಆಸಕ್ತಿ ಹುಟ್ಟಿಸೋ ಹೆಸರಿಲ್ಲದ ತಂತ್ರಜ್ಞಾನ" ಅಂತ ಬಿಡಿಸಿ ತಮಾಷೆ ಮಾಡಿದರು. ಲಿನಕ್ಸ್‌ನವರು ಇದಕ್ಕೆ ಸಡ್ಡು ಹೊಡೆದು ಮಾಡಿಕೊಂಡದ್ದಕ್ಕೆ ಸೇನ್ ಅಂತ ಹೆಸರಿಟ್ಟರು, ತಲೆ ಸರಿ ಇರೋದು ನಮ್ಮದೇ ಅಂತ ಹೇಳೋ ಹಾಗೆ.

ತೋರಿಸುವ ಕಡೆಯ ಕಥೆ ಇನ್ನೂ ವಿಚಿತ್ರ. ಒಂದು ಕಾಲಕ್ಕೆ ಆಫೀಸುಗಳ ವರ್ಡ್ ಪ್ರೊಸೆಸರ್ ಅಂದರೆ ವ್ಯಾಂಗ್ ಅನ್ನೋ ಹೆಸರಿತ್ತು. ಆ ಕಂಪನಿ 1992ರಲ್ಲಿ ದಿವಾಳಿ ಅರ್ಜಿ ಹಾಕ್ತು. ಮರುವರ್ಷ ಪೇಟೆಂಟ್ ವಿಚಾರದಲ್ಲಿ ಮೈಕ್ರೋಸಾಫ್ಟ್ ಮೇಲೆ ಕೇಸು. 1995ರಲ್ಲಿ ರಾಜಿಯಾಗಿ ಮೈಕ್ರೋಸಾಫ್ಟ್ ವ್ಯಾಂಗ್‌ನಲ್ಲಿ 9 ಕೋಟಿ ಡಾಲರ್ ಹೂಡಿತು, ವ್ಯಾಂಗ್‌ನ ಚಿತ್ರ ನೋಡುವ ಸಾಫ್ಟ್‌ವೇರ್ ವಿಂಡೋಸ್ ಒಳಗೆ ಬಂತು. ಆಮೇಲೆ ಅದು ಕೊಡಾಕ್ ಕೈಗೆ ಹೋಗಿ ವಿಂಡೋಸ್ 98ರಲ್ಲಿ "ಇಮೇಜಿಂಗ್" ಅಂತ ಕೂತಿತ್ತು. ಕೋಟ್ಯಂತರ ಜನಕ್ಕೆ ಸ್ಕ್ಯಾನ್ ಮಾಡಿದ ಹಾಳೆಯನ್ನ ಪರದೆ ಮೇಲೆ ತೋರಿಸಿದ ಸಾಫ್ಟ್‌ವೇರ್ ಬಂದದ್ದು ಕೋರ್ಟಿನ ಬಾಗಿಲಿನಿಂದ!

ಈಗ ನಮ್ಮೂರಿಗೆ ಬರೋಣ. ಒಂದು ಎ4 ಹಾಳೆಯನ್ನ 300 ಡಿಪಿಐನಲ್ಲಿ ಪೂರ್ತಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 26 ಎಂಬಿ. ಕಿರ್ಶ್ ಮಾಡಿದ ಹಾಗೆ ಬರೀ ಕಪ್ಪು-ಬಿಳಿಯಾದರೆ ಸುಮಾರು 1 ಎಂಬಿ, ಫ್ಯಾಕ್ಸ್‌ನಲ್ಲಿ ಬಳಸುವ ರೀತಿ ಹಿಂಡಿದರೆ ಇನ್ನೂ ಎಷ್ಟೋ ಕಡಿಮೆ. ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಮಾಡೋರಿಗೆ ಆಯ್ಕೆ ಯಾವುದು ಅಂತ ಹೇಳಬೇಕಿಲ್ಲ. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಮುಂದೆ ನಿಂತು ಕಟ್ಟಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡ ಪುಸ್ತಕಗಳ ಪುಟಗಳು ಸಿಕ್ಕಿದ್ದು ಹೀಗೇ, ಟಿಫ್ ಆಗಿ. ಬ್ರೌಸರ್‌ಗಳಿಗೆ ಟಿಫ್ ತೋರಿಸೋಕೆ ಬರ್ತಿರಲಿಲ್ಲ. ಬೇರೆ ಪ್ಲಗಿನ್ ಹಾಕಿಕೊಂಡು ಒಂದೊಂದೇ ಪುಟ ತೆರೆದು ಓದಿದವರು ನಿಮ್ಮಲ್ಲೂ ಇರಬಹುದು. ಹಳೇ ಮುದ್ರಣ, ತೆಳು ಶಾಯಿ. ಗೆರೆ ಎಲ್ಲಿ ಎಳೆದರು ಅನ್ನೋದರ ಮೇಲೆ 'ಧ' ಕೆಳಗಿನ ಪುಟ್ಟ ಸೀಳು ಉಳಿಯಬಹುದು, ಅಳಿಯಬಹುದು. ಅಳಿದರೆ ಧನ ಹೋಗಿ ದನ. ಆದರೂ ಅಕ್ಷರ ಹರಿದು ಕಾಣುತ್ತೆ, ಏನೋ ಆಗಿದೆ ಅಂತ ಓದೋನಿಗೆ ಗೊತ್ತಾಗುತ್ತೆ.

ಗೊತ್ತೇ ಆಗದ ಹಾಗೆ ತಪ್ಪಿದರೆ? 2000ದ ಹೊತ್ತಿಗೆ ಜೆಬಿಗ್2 ಅನ್ನೋ ಹೊಸ ಹಿಂಡುವ ವಿಧಾನ ಬಂತು. ಅದು ಪುಟದಲ್ಲಿರೋ ಅಕ್ಷರಗಳನ್ನ ಚೂರು ಚೂರಾಗಿ ಕತ್ತರಿಸುತ್ತೆ. ಒಂದೇ ಥರ ಕಾಣೋ ಚೂರುಗಳಿದ್ದರೆ ಒಂದನ್ನ ಮಾತ್ರ ಇಟ್ಟುಕೊಂಡು ಉಳಿದ ಕಡೆ ಅದನ್ನೇ ಅಂಟಿಸುತ್ತೆ. ಮೊಳೆ ಜೋಡಿಸೋ ಹಳೇ ಪ್ರೆಸ್ಸಿನ ಕೆಲಸವನ್ನೇ ತಿರುಗಿಸಿದ ಹಾಗೆ. ಜಾಣತನವೇ, ಆದರೆ "ಒಂದೇ ಥರ" ಅಂತ ಹೇಳೋರು ಯಾರು?

2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯ ಸ್ಕ್ಯಾನ್ ನೋಡ್ತಿದ್ದ. ಮೂರು ಕೋಣೆಗಳ ಅಳತೆ ಮೂಲದಲ್ಲಿ 14.13, 21.11, 17.42 ಚದರ ಮೀಟರ್. ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಿಂದ ಬಂದ ಪ್ರತಿಯಲ್ಲಿ ಮೂರೂ 14.13! ಅಂಕಿ ಮಸುಕಾಗಿರಲಿಲ್ಲ, ಸ್ಪಷ್ಟವಾಗಿ, ಸಾಲಿಗೆ ಸರಿಯಾಗಿ ಕೂತಿತ್ತು. ಕಣ್ಣಿಗೇ ದೊಡ್ಡದಾಗಿ ಕಾಣೋ ಕೋಣೆಗೂ ಚಿಕ್ಕ ಕೋಣೆಗೂ ಒಂದೇ ಅಳತೆ ಇದ್ದದ್ದರಿಂದ ಮಾತ್ರ ಸಿಕ್ಕಿಬಿತ್ತು. ಔಷಧಿಯ ಪ್ರಮಾಣವೋ, ಲೆಕ್ಕದ ಪಟ್ಟಿಯೋ ಆಗಿದ್ದರೆ ಯಾರು ಹಿಡೀತಿದ್ದರು? ಇದು ಅಕ್ಷರ ಗುರುತಿಸೋ ಓಸಿಆರ್‌ನ ತಪ್ಪೂ ಅಲ್ಲ, ಬರೀ ಚಿತ್ರ ಉಳಿಸುವಾಗ ಆದದ್ದು. ಕಡಿಮೆ ಗುಣಮಟ್ಟದ ಸೆಟ್ಟಿಂಗ್‌ನಲ್ಲಿ ಹೀಗಾಗಬಹುದು ಅಂತ ಎಚ್ಚರಿಕೆ ಕೊಟ್ಟಿದ್ದೀವಿ ಅಂತ ಜೆರಾಕ್ಸ್ ಮೊದಲು ಹೇಳಿತು. ಮೇಲಿನ ಗುಣಮಟ್ಟದಲ್ಲೂ ಆಗುತ್ತೆ ಅಂತ ಕ್ರೀಸೆಲ್ ತೋರಿಸಿದ ಮೇಲೆ ದೋಷ ಒಪ್ಪಿಕೊಂಡು ಪ್ಯಾಚ್ ಬಿಟ್ಟಿತು. ಎಚ್ಚರಿಕೆ ಕೊಟ್ಟಿದ್ದೆವು ಅನ್ನೋ ಮಾತು ನನಗಂತೂ ಒಪ್ಪಿಗೆಯಾಗಲ್ಲ. ಕಾಪಿ ಯಂತ್ರದ ಕೈಪಿಡಿ ಓದಿ ಆಮೇಲೆ ಗುಂಡಿ ಒತ್ತೋರು ಯಾರಿದ್ದಾರೆ?

ಜೆಬಿಗ್2 ಅಲ್ಲಿಗೇ ಮುಗೀಲಿಲ್ಲ. ಪಿಡಿಎಫ್ ಒಳಗೆ ಅದಕ್ಕೆ ಜಾಗ ಇರೋದರಿಂದ, ಪಿಡಿಎಫ್ ತೋರಿಸೋ ಸಾಫ್ಟ್‌ವೇರ್‌ಗಳ ಒಳಗೆ ಅದನ್ನ ಬಿಚ್ಚೋ ಕೋಡ್ ಇರುತ್ತೆ. ಆಪಲ್ ಫೋನಿನಲ್ಲಿದ್ದ ಅಂಥ ಕೋಡಿನ ದೋಷವನ್ನ ಇಸ್ರೇಲಿನ ಎನ್‌ಎಸ್‌ಓ ಕಂಪನಿಯ ಪೆಗಾಸಸ್ ಗೂಢಚರ್ಯೆಗೆ ಬಳಸಿಕೊಂಡದ್ದು 2021ರಲ್ಲಿ ಹೊರಬಂತು. ಗಿಫ್ ಅಂತ ಹೆಸರಿಟ್ಟು ಕಳಿಸಿದ ಪಿಡಿಎಫ್, ಮುಟ್ಟೋದೂ ಬೇಡ, ಬಂದರೆ ಸಾಕು. ಅಕ್ಷರದ ಚೂರುಗಳನ್ನ ಜೋಡಿಸೋಕೆ ಅಂತ ಇದ್ದ 70,000ಕ್ಕೂ ಹೆಚ್ಚು ಆದೇಶಗಳನ್ನ ಪೋಣಿಸಿ, ಆ ಚಿತ್ರದೊಳಗೇ ಕೂಡೋಕೆ, ಹೋಲಿಸೋಕೆ ಬರೋ ಒಂದು ಪುಟ್ಟ ಕಂಪ್ಯೂಟರ್ ಕಟ್ಟಿದ್ದರು ಅಂತ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಬಿಡಿಸಿ ಬರೆಯಿತು.