ವೆಬ್ ಸರ್ವರ್‌ನಲ್ಲಿ ಟಿಎಲ್‌ಎಸ್ ಪ್ರಮಾಣಪತ್ರದ ಆಯ್ಕೆ

ಟಿಎಲ್‌ಎಸ್ ಪ್ರಮಾಣಪತ್ರದ ಆಯ್ಕೆ ಎಂಬುದು, ಅನೇಕ ಜಾಲತಾಣಗಳನ್ನು ನಡೆಸುವ ವೆಬ್ ಸರ್ವರ್ ತನ್ನಲ್ಲಿರುವ ಪ್ರಮಾಣಪತ್ರಗಳ ಪೈಕಿ ಯಾವುದನ್ನು ಬ್ರೌಸರ್‌ಗೆ ತೋರಿಸಬೇಕೆಂದು ನಿರ್ಧರಿಸುವ ಕ್ರಿಯೆಯಾಗಿದೆ. ಪುಟದ ಒಂದಕ್ಷರವೂ ರವಾನೆಯಾಗುವ ಮೊದಲೇ ಈ ನಿರ್ಧಾರ ನಡೆದಿರುತ್ತದೆ. ತಾಣದ ಹೆಸರಿಗೆ ಹೊಂದದ ಪ್ರಮಾಣಪತ್ರ ಹೊರಬಂದರೆ ಬ್ರೌಸರ್ ಎಚ್ಚರಿಕೆಯನ್ನು ತೋರಿಸಿ ಸಂಪರ್ಕವನ್ನು ತಡೆಯುತ್ತದೆ. ಆ ಎಚ್ಚರಿಕೆಗೆ ಸರ್ವರ್‌ನ ಸಂರಚನಾ ದೋಷ ಕಾರಣವೋ ವಂಚಕರ ಕೈವಾಡ ಕಾರಣವೋ ಎಂಬುದನ್ನು ಸಾಮಾನ್ಯ ಬಳಕೆದಾರರು ಅರಿಯಲಾರರು. ಆದಕಾರಣ ಸಂರಚನೆಯನ್ನು ಬರೆಯುವುದರ ಜೊತೆಗೆ, ಪ್ರತಿಯೊಂದು ಹೆಸರಿಗೂ ಸರ್ವರ್ ನಿಜವಾಗಿ ಏನನ್ನು ಕೊಡುತ್ತಿದೆ ಎಂಬುದನ್ನು ಹೊರಗಿನಿಂದ ಪರೀಕ್ಷಿಸುವುದೂ ಅಗತ್ಯವಾಗಿದೆ.

ಹಿನ್ನೆಲೆ

ಪ್ರಮಾಣಪತ್ರವು ಒಂದು ಡೊಮೇನ್ ಹೆಸರನ್ನು ಒಂದು ಸಾರ್ವಜನಿಕ ಕೀಲಿಯೊಂದಿಗೆ ಬೆಸೆಯುವ, ಪ್ರಮಾಣೀಕರಣ ಪ್ರಾಧಿಕಾರದ ಸಹಿಯುಳ್ಳ ದಾಖಲೆ. ಆರಂಭಕಾಲದಲ್ಲಿ ಬ್ರೌಸರ್ ತನಗೆ ಯಾವ ತಾಣ ಬೇಕೆಂಬುದನ್ನು ಸುರಕ್ಷಿತ ಸಂಪರ್ಕ ಏರ್ಪಟ್ಟ ನಂತರವೇ ತಿಳಿಸುತ್ತಿತ್ತು. ಪ್ರಮಾಣಪತ್ರವನ್ನಾದರೋ ಅದಕ್ಕೂ ಮೊದಲು ಕೊಡಬೇಕಾಗಿತ್ತು. ಹೀಗಾಗಿ ಸಾಮಾನ್ಯವಾಗಿ ಒಂದು ಐಪಿ ವಿಳಾಸಕ್ಕೆ ಒಂದೇ ಪ್ರಮಾಣಪತ್ರ ಎಂಬ ಸ್ಥಿತಿಯಿತ್ತು.

ಈ ತೊಡಕನ್ನು ಸರ್ವರ್ ನೇಮ್ ಇಂಡಿಕೇಶನ್, ಅಂದರೆ ಎಸ್‌ಎನ್‌ಐ, ಎಂಬ ವಿಸ್ತರಣೆ ನಿವಾರಿಸಿತು. ಬ್ರೌಸರ್ ತನ್ನ ಮೊದಲ ಸಂದೇಶದಲ್ಲಿಯೇ ತನಗೆ ಬೇಕಾದ ತಾಣದ ಹೆಸರನ್ನು ಹೇಳುವುದು ಇದರ ತಿರುಳು. 2003ರ ಆರ್‌ಎಫ್‌ಸಿ 3546ರಲ್ಲಿ ಇದು ಮೊದಲು ನಿರೂಪಿತವಾಯಿತು. 2011ರ ಆರ್‌ಎಫ್‌ಸಿ 6066ರಲ್ಲಿ ಪರಿಷ್ಕೃತವಾಯಿತು. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದನ್ನು ಬೆಂಬಲಿಸದಿದ್ದುದರಿಂದ ಇದರ ಬಳಕೆ ವ್ಯಾಪಕವಾಗಲು ಹಲವು ವರ್ಷಗಳು ಹಿಡಿದವು.

ಆಯ್ಕೆಯ ಕ್ರಮ

ಮೊದಲ ಸಂದೇಶ ತಲುಪಿದಾಗ ಸರ್ವರ್ ಮುಖ್ಯವಾಗಿ ಮೂರು ಅಂಶಗಳನ್ನು ಗಮನಿಸುತ್ತದೆ.

1. ಸಂಪರ್ಕ ಬಂದ ಐಪಿ ವಿಳಾಸ ಮತ್ತು ಪೋರ್ಟ್.
2. ಎಸ್‌ಎನ್‌ಐ ಮೂಲಕ ಬಂದ ಹೆಸರು.
3. ಬ್ರೌಸರ್ ಒಪ್ಪುವ ಸಹಿ ವಿಧಾನಗಳು. ಒಂದೇ ಹೆಸರಿಗೆ ಆರ್‌ಎಸ್‌ಎ ಮತ್ತು ಇಸಿಡಿಎಸ್‌ಎ ಎಂಬ ಎರಡು ಬಗೆಯ ಪ್ರಮಾಣಪತ್ರಗಳನ್ನೂ ಇರಿಸಿದ್ದರೆ, ಹಳೆಯ ಬ್ರೌಸರ್‌ಗಳಿಗೆ ಮೊದಲನೆಯದು, ಹೊಸ ಬ್ರೌಸರ್‌ಗಳಿಗೆ ಎರಡನೆಯದು ಸಲ್ಲುವಂತೆ ಮಾಡಬಹುದು. ಎನ್‌ಜಿನ್‌ಎಕ್ಸ್ ಈ ಸೌಲಭ್ಯವನ್ನು 2016ರಲ್ಲಿ ಬಂದ 1.11.0 ಆವೃತ್ತಿಯಿಂದ ನೀಡುತ್ತಿದೆ.

ಹೆಸರು ಬಾರದಿದ್ದಾಗ ಅಥವಾ ಬಂದ ಹೆಸರು ಸಂರಚನೆಯಲ್ಲಿ ಇಲ್ಲದಿದ್ದಾಗ ಪೂರ್ವನಿಯೋಜಿತ ಪ್ರಮಾಣಪತ್ರ ಹೊರಬರುತ್ತದೆ. ಎನ್‌ಜಿನ್‌ಎಕ್ಸ್‌ನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಆ ಪೋರ್ಟ್‌ಗೆ ಮೊದಲು ಬರೆದ ಸರ್ವರ್ ವಿಭಾಗವೂ, ಅಪಾಚಿಯಲ್ಲಿ ಮೊದಲು ಬರೆದ ವರ್ಚುಯಲ್ ಹೋಸ್ಟ್ ವಿಭಾಗವೂ ಪೂರ್ವನಿಯೋಜಿತವಾಗುತ್ತವೆ. ಸಂರಚನಾ ಕಡತಗಳನ್ನು ಅಕಾರಾದಿಯಾಗಿ ಓದುವ ವ್ಯವಸ್ಥೆಯಲ್ಲಿ, ಹೊಸದಾಗಿ ಸೇರಿಸಿದ ಕಡತವೊಂದು ಮೊದಲ ಸ್ಥಾನಕ್ಕೆ ಬಂದು ಪೂರ್ವನಿಯೋಜಿತ ಪ್ರಮಾಣಪತ್ರವನ್ನೇ ಬದಲಿಸಿಬಿಡಬಹುದು. ಪೂರ್ವನಿಯೋಜಿತ ವಿಭಾಗವನ್ನು ಸ್ಪಷ್ಟವಾಗಿ ಗುರುತಿಸಿಡುವುದು ಇದಕ್ಕೆ ಪರಿಹಾರ.

ಹೆಸರುಗಳ ಹೊಂದಾಣಿಕೆ

ಸರ್ವರ್ ಸರಿಯಾದ ವಿಭಾಗವನ್ನು ಆರಿಸಿದರೂ, ಆ ವಿಭಾಗದ ಪ್ರಮಾಣಪತ್ರದಲ್ಲಿ ಕೇಳಿದ ಹೆಸರು ನಮೂದಾಗಿರಬೇಕು. ಇಂದಿನ ಬ್ರೌಸರ್‌ಗಳು ಪ್ರಮಾಣಪತ್ರದ ಪರ್ಯಾಯ ಹೆಸರುಗಳ ಪಟ್ಟಿಯನ್ನು ಮಾತ್ರ ನೋಡುತ್ತವೆ. ಸಾಮಾನ್ಯ ಹೆಸರು ಎಂಬ ಹಳೆಯ ಅಂಕಣವನ್ನು ಕ್ರೋಮ್ 2017ರಲ್ಲಿ ಕೈಬಿಟ್ಟಿತು.

ನಕ್ಷತ್ರ ಚಿಹ್ನೆಯ ಪ್ರಮಾಣಪತ್ರವು ಹೆಸರಿನ ಒಂದು ಹಂತವನ್ನು ಮಾತ್ರ ಒಳಗೊಳ್ಳುತ್ತದೆ. ಕನ್ನಡ ವಿಕಿಪೀಡಿಯವೇ ಇದಕ್ಕೆ ನಿದರ್ಶನ. ವಿಕಿಪೀಡಿಯ.ಆರ್ಗ್ ಎಂಬುದರ ಮುಂದೆ ನಕ್ಷತ್ರ ಚಿಹ್ನೆಯುಳ್ಳ ನಮೂದು ಕೆಎನ್.ವಿಕಿಪೀಡಿಯ.ಆರ್ಗ್‌ಗೆ ಸಲ್ಲುತ್ತದೆ, ಬಹುಕಾಲ ಬಳಕೆಯಲ್ಲಿದ್ದ ಕೆಎನ್.ಎಂ.ವಿಕಿಪೀಡಿಯ.ಆರ್ಗ್ ಎಂಬ ಮೊಬೈಲ್ ವಿಳಾಸಕ್ಕೆ ಸಲ್ಲುವುದಿಲ್ಲ. ಅದಕ್ಕೆ ಇನ್ನೊಂದು ನಮೂದು ಬೇಕು. ಹಾಗೆಯೇ ಎನ್‌ಐಸಿ.ಇನ್‌ಗೆ ಪಡೆದ ನಕ್ಷತ್ರ ಚಿಹ್ನೆಯ ಪ್ರಮಾಣಪತ್ರ ಹಾಸನ ಜಿಲ್ಲಾ ತಾಣವಾದ ಹಾಸನ್.ಎನ್‌ಐಸಿ.ಇನ್ ಎಂಬ ಹೆಸರಿಗೆ ಹೊಂದುತ್ತದೆ. ಅದರ ಮುಂದೆ ಮತ್ತೊಂದು ಪದ ಸೇರಿದರೆ ಹೊಂದುವುದಿಲ್ಲ.

ಕನ್ನಡ ಲಿಪಿಯ ಡೊಮೇನ್ ಹೆಸರುಗಳು

ಡಾಟ್ ಭಾರತ ಎಂಬ ಉನ್ನತ ಹಂತದ ಡೊಮೇನ್ ಕನ್ನಡ ಲಿಪಿಯಲ್ಲಿಯೂ ಇದ್ದು, ಅದನ್ನು ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ, ನಿರ್ವಹಿಸುತ್ತದೆ. ಆದರೆ ಎಸ್‌ಎನ್‌ಐಯಲ್ಲಿ ಕನ್ನಡ ಅಕ್ಷರಗಳು ನೇರವಾಗಿ ಹೋಗುವುದಿಲ್ಲ. ಬ್ರೌಸರ್ ಅವನ್ನು ಪ್ಯೂನಿಕೋಡ್ ವಿಧಾನದಿಂದ ಲ್ಯಾಟಿನ್ ಅಕ್ಷರ ಮತ್ತು ಅಂಕಿಗಳ ಸಾಲಾಗಿ ಪರಿವರ್ತಿಸುತ್ತದೆ. ಈ ರೂಪದಲ್ಲಿ ಹೆಸರಿನ ಪ್ರತಿಯೊಂದು ಕನ್ನಡ ಭಾಗವೂ ಎಕ್ಸ್, ಎನ್ ಎಂಬ ಎರಡು ಅಕ್ಷರ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುತ್ತದೆ. ಪ್ರಮಾಣಪತ್ರದಲ್ಲಿಯೂ ಇದೇ ರೂಪವಿರುತ್ತದೆ.

ಉದಾಹರಣೆಗೆ, ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರದ ಹೆಸರನ್ನು ಡಾಟ್ ಭಾರತದಡಿ ಕನ್ನಡ ಲಿಪಿಯಲ್ಲಿ ನೋಂದಾಯಿಸಿದರೆಂದು ಭಾವಿಸೋಣ. ಸಂರಚನಾ ಕಡತದಲ್ಲಿ ಕನ್ನಡ ಅಕ್ಷರಗಳನ್ನೇ ಬರೆದರೆ, ಬ್ರೌಸರ್ ಕಳುಹಿಸುವ ಪರಿವರ್ತಿತ ಹೆಸರಿಗೆ ಅದು ತಾಳೆಯಾಗದೆ ಪೂರ್ವನಿಯೋಜಿತ ಪ್ರಮಾಣಪತ್ರ ಹೊರಬರುವ ಸಂಭವವಿದೆ. ಎನ್‌ಜಿನ್‌ಎಕ್ಸ್‌ನಂತಹ ಸರ್ವರ್‌ನಲ್ಲಿ ಪರಿವರ್ತಿತ ರೂಪವನ್ನೇ ಬರೆಯಬೇಕು.

ನಿರ್ವಹಣೆ

ಪ್ರಮಾಣಪತ್ರಗಳ ಬಾಳಿಕೆಯ ಅವಧಿ ಕಡಿಮೆಯಾಗುತ್ತಿದೆ. 2025ರಲ್ಲಿ ಪ್ರಮಾಣೀಕರಣ ಪ್ರಾಧಿಕಾರಗಳು ಮತ್ತು ಬ್ರೌಸರ್ ತಯಾರಕರ ವೇದಿಕೆಯು ಅಂಗೀಕರಿಸಿದ ನಿಯಮದಂತೆ ಗರಿಷ್ಠ ಅವಧಿಯು 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ದಿನಾಂಕದಿಂದ 100 ದಿನ, 2029ರ ಅದೇ ದಿನಾಂಕದಿಂದ 47 ದಿನ. ಆದ್ದರಿಂದ ನವೀಕರಣವನ್ನು ಎಸಿಎಂಇ ಎಂಬ ನಿಯಮಾವಳಿಯ ಮೂಲಕ ಸ್ವಯಂಚಾಲಿತಗೊಳಿಸುವುದು ವಾಡಿಕೆಯಾಗಿದೆ. ಇದು 2019ರ ಆರ್‌ಎಫ್‌ಸಿ 8555ರಲ್ಲಿ ನಿರೂಪಿತವಾಗಿದೆ.

ಅನೇಕ ಸರ್ವರ್‌ಗಳು ಪ್ರಮಾಣಪತ್ರವನ್ನು ಆರಂಭದಲ್ಲಿ ಓದಿ ಸ್ಮೃತಿಯಲ್ಲಿ ಇರಿಸಿಕೊಳ್ಳುತ್ತವೆ. ಡಿಸ್ಕ್‌ನಲ್ಲಿ ಹೊಸ ಕಡತವಿದ್ದರೂ ಸರ್ವರ್‌ಗೆ ಮರುಓದುವಂತೆ ಸೂಚಿಸುವವರೆಗೆ ಹಳೆಯದೇ ಹೊರಬರುತ್ತಿರುತ್ತದೆ. ಡಿಸ್ಕ್‌ನಲ್ಲಿರುವ ಪ್ರಮಾಣಪತ್ರದ ಕ್ರಮಸಂಖ್ಯೆಯನ್ನೂ ಸರ್ವರ್ ತೋರಿಸುವ ಪ್ರಮಾಣಪತ್ರದ ಕ್ರಮಸಂಖ್ಯೆಯನ್ನೂ ಹೋಲಿಸಿದರೆ ಇದು ಗೊತ್ತಾಗುತ್ತದೆ.

ಪರೀಕ್ಷೆ

ಸರ್ವರ್ ತಂತ್ರಾಂಶಗಳಲ್ಲಿ ಸಂರಚನೆಯ ವ್ಯಾಕರಣವನ್ನು ಪರಿಶೀಲಿಸುವ ಆದೇಶವಿರುತ್ತದೆ. ಕಡತ ಓದಲು ಬರುವುದೇ, ಖಾಸಗಿ ಕೀಲಿ ಪ್ರಮಾಣಪತ್ರಕ್ಕೆ ಹೊಂದುವುದೇ ಎಂಬುದನ್ನು ಎನ್‌ಜಿನ್‌ಎಕ್ಸ್‌ನ ಇಂತಹ ಆದೇಶ ಹೇಳಬಲ್ಲದು. ಯಾವ ಹೆಸರಿಗೆ ಯಾವ ಪ್ರಮಾಣಪತ್ರ ಸಲ್ಲುತ್ತದೆ ಎಂಬುದನ್ನು ಅದು ಹೇಳದು. ಅದಕ್ಕಾಗಿ ಈ ಕೆಳಗಿನ ಪರೀಕ್ಷೆಗಳನ್ನು ನಡೆಸಬೇಕು.

* ಹೆಸರುವಾರು ಪರೀಕ್ಷೆ: ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಆದೇಶಕ್ಕೆ ಸರ್ವರ್‌ನೇಮ್ ಆಯ್ಕೆಯ ಮೂಲಕ ಪ್ರತಿಯೊಂದು ಹೆಸರನ್ನೂ ಕೊಟ್ಟು, ಬಂದ ಪ್ರಮಾಣಪತ್ರದ ಪರ್ಯಾಯ ಹೆಸರುಗಳನ್ನೂ ಮುಕ್ತಾಯದ ದಿನಾಂಕವನ್ನೂ ನೋಡುವುದು.
* ಹೆಸರಿಲ್ಲದ ಪರೀಕ್ಷೆ: ಹೆಸರನ್ನು ಕೊಡದೆಯೂ, ಸರ್ವರ್‌ನಲ್ಲಿಲ್ಲದ ಹೆಸರನ್ನು ಕೊಟ್ಟೂ ಏನು ಬರುತ್ತದೆಂದು ನೋಡುವುದು. ಓಪನ್‌ಎಸ್‌ಎಸ್‌ಎಲ್ 1.1.1 ಆವೃತ್ತಿಯಿಂದ ಈಚೆಗೆ ಎಸ್-ಕ್ಲೈಂಟ್ ತಾನಾಗಿಯೇ ಹೆಸರನ್ನು ಕಳುಹಿಸುವುದರಿಂದ, ಅದನ್ನು ತಡೆಯುವ ಆಯ್ಕೆಯನ್ನು ಬಳಸಬೇಕು.
* ವಿಳಾಸವಾರು ಪರೀಕ್ಷೆ: ಐಪಿವಿ4 ಮತ್ತು ಐಪಿವಿ6 ವಿಳಾಸಗಳನ್ನೂ, ಭಾರ ಹಂಚುವ ಸಾಧನದ ಹಿಂದಿರುವ ಪ್ರತಿಯೊಂದು ಸರ್ವರ್ ಅನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು. ಕರ್ಲ್‌ನ ರಿಸಾಲ್ವ್ ಆಯ್ಕೆಯಿಂದ, ಡಿಎನ್‌ಎಸ್ ಬದಲಾಯಿಸುವ ಮೊದಲೇ ಹೊಸ ಸರ್ವರ್ ಅನ್ನು ನಿಜವಾದ ಹೆಸರಿನಿಂದ ಕೇಳಬಹುದು.
* ಸರಪಳಿಯ ಪರೀಕ್ಷೆ: ಮಧ್ಯಂತರ ಪ್ರಮಾಣಪತ್ರವನ್ನು ಸರ್ವರ್ ಕಳುಹಿಸುತ್ತಿದೆಯೇ ಎಂದು ನೋಡುವುದು. ಕೆಲವು ಬ್ರೌಸರ್‌ಗಳು ಕೊರತೆಯನ್ನು ತಾವೇ ತುಂಬಿಕೊಳ್ಳುವುದರಿಂದ, ಬ್ರೌಸರ್‌ನಲ್ಲಿ ತಾಣ ತೆರೆದ ಮಾತ್ರಕ್ಕೆ ಸರಪಳಿ ಪೂರ್ಣವೆನ್ನಲಾಗದು.
* ಸಹಿ ವಿಧಾನದ ಪರೀಕ್ಷೆ: ಎರಡು ಬಗೆಯ ಪ್ರಮಾಣಪತ್ರಗಳಿದ್ದರೆ, ಒಂದೊಂದು ವಿಧಾನವನ್ನು ಮಾತ್ರ ಒಪ್ಪುವಂತೆ ಕೇಳಿ ಎರಡನ್ನೂ ಪಡೆಯುವುದು.

ಭಾರತದ ಸಂದರ್ಭ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿಯಲ್ಲಿ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಹುದ್ದೆಯಿದೆ. ಈ ವ್ಯವಸ್ಥೆಯಡಿ ವ್ಯಕ್ತಿಗಳಿಗೆ ದೊರೆಯುವ ಅಂಕೀಯ ಸಹಿ ಪ್ರಮಾಣಪತ್ರಗಳು ವೆಬ್ ಸರ್ವರ್‌ನ ಪ್ರಮಾಣಪತ್ರಗಳಿಗಿಂತ ಭಿನ್ನ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇ-ಮುದ್ರಾ ಸಂಸ್ಥೆ ಎರಡೂ ಬಗೆಯವನ್ನು ನೀಡುತ್ತದೆ.

2014ರ ಜುಲೈನಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಾಧಿಕಾರದಿಂದ ಗೂಗಲ್‌ನ ಕೆಲವು ಡೊಮೇನ್‌ಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿರುವುದನ್ನು ಗೂಗಲ್ ಪ್ರಕಟಿಸಿತು. ನಿಯಂತ್ರಕರು ಆ ಪ್ರಾಧಿಕಾರದ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಗೊಳಿಸಿದರು. ಅಂತಹ ಪ್ರಮಾಣಪತ್ರವನ್ನು ನಂಬುವ ಬ್ರೌಸರ್ ಎಚ್ಚರಿಕೆಯನ್ನೇ ನೀಡದಿರಬಹುದು. ಆಯ್ಕೆಯ ದೋಷವಾದರೋ ನೈಜ ತಾಣಕ್ಕೇ ಎಚ್ಚರಿಕೆಯನ್ನು ತರುತ್ತದೆ. ಇಂತಹ ದೋಷಗಳು ಪದೇ ಪದೇ ಎದುರಾದರೆ ಎಚ್ಚರಿಕೆಯನ್ನು ಓದದೆ ಮುಂದುವರಿಯುವುದು ಜನರಿಗೆ ಅಭ್ಯಾಸವಾಗಿ, ನಿಜವಾದ ವಂಚನೆಯ ಸಮಯದಲ್ಲಿ ಆ ಎಚ್ಚರಿಕೆ ವ್ಯರ್ಥವಾಗುತ್ತದೆ.