ಆಜ್ಞೆಯಿಲ್ಲದ ಅಧಿಕಾರ

ಕುರ್ಚಿಗಾಗಿ ನಡೆಯುವ ಹೋರಾಟಗಳನ್ನು ನಾವೆಲ್ಲ ಬೇಕಾದಷ್ಟು ಕಂಡಿದ್ದೇವೆ. ಕುರ್ಚಿ ಬರಿದಾಗಿದ್ದು, ಬನ್ನಿರೆಂದು ಕರೆದರೂ ಯಾರೂ ಮುಂದೆ ಬಾರದ ಪ್ರಸಂಗ ಅಪರೂಪ. 2019ರ ಮಾರ್ಚ್ ತಿಂಗಳಲ್ಲಿ ಡೆಬಿಯನ್ ಎಂಬ ಸಮುದಾಯದಲ್ಲಿ ಹಾಗಾಯಿತು. ಮುಂದಾಳಿನ ಚುನಾವಣೆಗೆ ಹೆಸರು ಕೊಡುವ ವಾರ ಕಳೆದರೂ ಒಬ್ಬ ಉಮೇದುವಾರನೂ ಇರಲಿಲ್ಲ. ಅವರ ಸಂವಿಧಾನದಲ್ಲಿ ಇದಕ್ಕೂ ಒಂದು ವಿಧಿಯುಂಟು: ಇನ್ನೊಂದು ವಾರ ಕಾಯುವುದು. ಕಾದರು, ಹೆಸರುಗಳು ಬಂದವು, ಸ್ಯಾಮ್ ಹಾರ್ಟ್‌ಮನ್ ಎಂಬವರು ಆಯ್ಕೆಯಾದರು. ಅದು ಎಂಥ ಕುರ್ಚಿಯೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡೆಬಿಯನ್ ಎಂದರೆ ಗಣಕಯಂತ್ರವನ್ನು ನಡೆಸುವ ತಂತ್ರಾಂಶಗಳ ಒಂದು ದೊಡ್ಡ ಸಂಕಲನ. ಅದರ ಮೂಲ ಬರಹವನ್ನು ಯಾರೂ ಬಚ್ಚಿಟ್ಟಿಲ್ಲ. ಬೇಕಾದವರು ಓದಬಹುದು, ತಿದ್ದಬಹುದು, ಹಂಚಬಹುದು. 1993ರ ಆಗಸ್ಟ್ 16ರಂದು ಇದನ್ನು ಲೋಕಕ್ಕೆ ಸಾರಿದವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಇಯಾನ್ ಮರ್ಡಾಕ್. ಗೆಳತಿ ಡೆಬ್ರಾಳ ಹೆಸರಿಗೆ ತಮ್ಮ ಹೆಸರನ್ನು ಬೆಸೆದು ಈ ನಾಮಕರಣ ಮಾಡಿದರು. ಮೊದಲ ವರ್ಷಗಳಲ್ಲಿ ಚುನಾವಣೆಯ ಮಾತೇ ಇರಲಿಲ್ಲ. ಮನೆಯ ಯಜಮಾನಿಕೆಯಂತೆ ಮುಂದಾಳುತನ 1996ರಲ್ಲಿ ಬ್ರೂಸ್ ಪೆರೆನ್ಸ್ ಅವರ ಕೈಗೆ ಬಂತು, 1998ರಲ್ಲಿ ಇಯಾನ್ ಜ್ಯಾಕ್ಸನ್ ಅವರ ಕೈಗೆ ಹೋಯಿತು. ಈ ಜ್ಯಾಕ್ಸನ್ ಅವರೇ ಸಂವಿಧಾನವನ್ನು ಬರೆದವರು. ಆ ವರ್ಷದ ಡಿಸೆಂಬರಿನಲ್ಲಿ ಸದಸ್ಯರು ಅದನ್ನು ಒಪ್ಪಿಕೊಂಡರು.

ಅದರ ಆರಂಭದಲ್ಲಿಯೇ ಬರುವ ಒಂದು ವಿಧಿಯನ್ನು ಓದಿ ನಾನು ಪುಸ್ತಕ ಮುಚ್ಚಿದವನಂತೆ ಸುಮ್ಮನೆ ಕುಳಿತೆ. ಯಾವ ಸದಸ್ಯನೂ ಯಾವ ಕೆಲಸವನ್ನೂ ಮಾಡಲೇಬೇಕೆಂಬ ಕಟ್ಟಿಲ್ಲ. ಒಪ್ಪಿದ ನಿರ್ಣಯಗಳಿಗೆ ಎದುರಾಗಿ ಕೆಲಸ ಮಾಡದಿದ್ದರೆ ಸಾಕು ಎಂಬುದು ಅದರ ತಾತ್ಪರ್ಯ. ಹಲವು ವರ್ಷಗಳ ಕೆಳಗೆ ನಾನು ನಮ್ಮ ಬಡಾವಣೆಯ ವಾಚನಾಲಯದ ಗೌರವ ಕಾರ್ಯದರ್ಶಿಯಾಗಿದ್ದೆ. ಭಾನುವಾರದ ಸರದಿಯನ್ನು ಯಾರನ್ನೂ ಕೇಳದೆ ಬರೆದು ಗೋಡೆಗೆ ಅಂಟಿಸಿದೆ. ಮುಂದಿನ ಭಾನುವಾರ ಬೀಗ ತೆಗೆಯಲು ನಾನೇ ಹೋಗಬೇಕಾಯಿತು. ಅದರ ಮುಂದಿನ ಭಾನುವಾರವೂ. ಸಂಬಳವಿಲ್ಲದವನ ಮುಂದೆ ಆಜ್ಞೆ ಎಷ್ಟು ಬಡವಾದ ವಸ್ತುವೆಂದು ಆಗ ಕಲಿತೆ. ಜ್ಯಾಕ್ಸನ್ ಅವರು ಅದನ್ನು ಬರೆದೇ ಇಟ್ಟಿದ್ದರು.

ಹಾಗಾದರೆ ಮುಂದಾಳು ಮಾಡುವುದೇನು? ಅವಧಿ ಒಂದೇ ವರ್ಷ. ಸಮುದಾಯದ ಪರವಾಗಿ ಹೊರಗಿನವರೊಡನೆ ಮಾತನಾಡಬಹುದು, ಹಣದ ವೆಚ್ಚಕ್ಕೆ ಒಪ್ಪಿಗೆ ಕೊಡಬಹುದು, ಒಂದೊಂದು ಹೊಣೆಗೆ ಪ್ರತಿನಿಧಿಗಳನ್ನು ನೇಮಿಸಬಹುದು. ನೇಮಿಸಿದ ಮೇಲೆ ಮಾತ್ರ ಅವರ ತೀರ್ಮಾನವನ್ನು ತಾನೇ ಅಳಿಸಿಹಾಕುವಂತಿಲ್ಲ. ಹೀಗೆ ತೀರ್ಮಾನಿಸಿದರೆ ಮಾತ್ರ ಹುದ್ದೆ ಎಂದು ಷರತ್ತು ಹಾಕುವಂತೆಯೂ ಇಲ್ಲ. ತಾಂತ್ರಿಕ ವಿವಾದಗಳಿಗೆ ಬೇರೆ ಸಮಿತಿಯುಂಟು. ಎಲ್ಲರ ಮೇಲೆ ಸದಸ್ಯರ ಮತ. ಮತಪತ್ರದಲ್ಲಿ ಉಮೇದುವಾರರ ಜೊತೆಗೆ ‘ಇವರಾರೂ ಬೇಡ’ ಎಂಬ ಒಂದು ಸಾಲೂ ಇರುತ್ತದೆ. ಅದನ್ನು ಮೀರಿಸದವನು ಗೆಲ್ಲಲಾರ. ಮತದಾರನು ಹೆಸರುಗಳನ್ನು ಮೆಚ್ಚಿಕೆಯ ಕ್ರಮದಲ್ಲಿ ಜೋಡಿಸುತ್ತಾನೆ, ಇಬ್ಬಿಬ್ಬರನ್ನಾಗಿ ಹೋಲಿಸಿ ಎಣಿಸುತ್ತಾರೆ. ಇದು ಹದಿನೆಂಟನೆಯ ಶತಮಾನದ ಫ್ರಾನ್ಸಿನ ಕಾಂಡೋರ್ಸೆ ಚಿಂತಿಸಿದ ಮಾರ್ಗ. ಪಾಪ, ಆತ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಸೆರೆಮನೆಯಲ್ಲಿ ಸತ್ತ.

ಈ ಕಟ್ಟಳೆಗೆ ನಿಜವಾದ ಪರೀಕ್ಷೆ ಬಂದದ್ದು 2006ರಲ್ಲಿ. ಮುಂದಾಳು ಆಸ್ಟ್ರೇಲಿಯದ ಆಂಟನಿ ಟೌನ್ಸ್. ಹೊಸ ಆವೃತ್ತಿಯನ್ನು ಡಿಸೆಂಬರ್ 4ರಂದು ಹೊರತರಬೇಕೆಂದು ಗೊತ್ತಾಗಿತ್ತು. ಹಿಂದಿನದು ಬಹಳ ತಡವಾಗಿ ಬಂದು ಎಲ್ಲರೂ ಬೇಸತ್ತಿದ್ದರು. ಟೌನ್ಸ್ ಮತ್ತು ಕೆಲವು ಗೆಳೆಯರು ಡಂಕ್-ಟ್ಯಾಂಕ್ ಎಂಬ ಪ್ರತ್ಯೇಕ ಏರ್ಪಾಟು ಮಾಡಿ, ಹೊರಗಿನಿಂದ ಹಣ ಕೂಡಿಸಿ, ಪ್ರಕಟಣೆಯ ಹೊಣೆ ಹೊತ್ತ ಇಬ್ಬರಿಗೆ ಒಂದೊಂದು ತಿಂಗಳು ಪೂರ್ಣಕಾಲ ದುಡಿಯಲು ಸಂಬಳ ಕೊಡಲು ಹೊರಟರು. (ಚೆಂಡು ಗುರಿಗೆ ತಾಕಿದರೆ ಮೇಲೆ ಕುಳಿತವನು ನೀರಿನ ತೊಟ್ಟಿಗೆ ಬೀಳುವ ಅಮೆರಿಕದ ಜಾತ್ರೆಯ ಆಟವೊಂದಕ್ಕೆ ಇದೇ ಬಗೆಯ ಹೆಸರು. ಶಕುನ ಒಳ್ಳೆಯದಿರಲಿಲ್ಲ!) ಇದು ಡೆಬಿಯನ್ನಿನ ಕೆಲಸವಲ್ಲ, ಹೊರಗಿನದು ಎಂದು ಹೇಳಿದ್ದರು. ಆದರೆ ಮುಂದೆ ನಿಂತವನು ಮುಂದಾಳೇ ಆಗಿರುವಾಗ ಹೊರಗು ಯಾವುದು, ಒಳಗು ಯಾವುದು? ಇಬ್ಬರಿಗೆ ಸಂಬಳವಾದರೆ ಉಳಿದವರ ದುಡಿಮೆಗೆ ಬೆಲೆಯಿಲ್ಲವೇ ಎಂದು ಕೆಲವರು ನೊಂದರು. ತಮ್ಮ ಉತ್ಸಾಹ ಕುಗ್ಗಿತೆಂದು ಬಹಿರಂಗವಾಗಿಯೇ ಹೇಳಿದರು. ಮುಂದಾಳನ್ನು ಇಳಿಸಬೇಕೆಂಬ ಠರಾವು ಮತಕ್ಕೆ ಬಂತು. ಬಿದ್ದುಹೋಯಿತು. ಟೌನ್ಸ್ ಅವಧಿ ಮುಗಿಸಿದರು. ಆವೃತ್ತಿ ಹೊರಬಿದ್ದದ್ದು 2007ರ ಏಪ್ರಿಲ್ 8ರಂದು.

ಸಂಬಳ ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಇಂದು ಮುಕ್ತ ತಂತ್ರಾಂಶಕ್ಕಾಗಿ ಸಂಬಳ ಪಡೆದು ದುಡಿಯುವವರು ಬಹು ಮಂದಿ, ಆಕಾಶ ಬಿದ್ದಿಲ್ಲ. ಟೌನ್ಸ್ ಎಡವಿದ್ದು ಬೇರೆ ಕಡೆ. ಆರಿಸಿ ಬಂದವನ ಕೈಯಲ್ಲಿ ಆಜ್ಞೆಯಿಲ್ಲದಿದ್ದಾಗ ಅವನಿಗಿರುವ ಬಂಡವಾಳ ಒಂದೇ: ಇವನು ಎಲ್ಲರವನು ಎಂಬ ನಂಬಿಕೆ. ತನ್ನದೇ ಆದ ಒಂದು ಗುಂಪಿನ ಮುಂದೆ ನಿಂತ ದಿನ ಆ ಬಂಡವಾಳ ಕರಗತೊಡಗುತ್ತದೆ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಆ ಏರ್ಪಾಟನ್ನು ಬೇರೆಯವರಿಗೆ ಬಿಟ್ಟು, ತಾನು ಎರಡೂ ಕಡೆಯವರ ಮಾತಿಗೆ ಕಿವಿಯಾಗಿದ್ದರೆ ಏನಾಗುತ್ತಿತ್ತೋ! ಇಳಿಸದೆ ಉಳಿಸಿಕೊಂಡ ಸದಸ್ಯರ ವಿವೇಕ ಮಾತ್ರ ನನಗೆ ಮೆಚ್ಚುಗೆ.

2014ರ ಜಗಳ ಇದಕ್ಕಿಂತ ಕಹಿಯಾದದ್ದು. ಯಂತ್ರಕ್ಕೆ ಜೀವ ಬಂದೊಡನೆ ಉಳಿದೆಲ್ಲ ಕಾರ್ಯಗಳನ್ನು ಎಬ್ಬಿಸುವ ಮೊದಲ ಕ್ರಮವಿಧಿ ಯಾವುದಿರಬೇಕೆಂಬುದು ಪ್ರಶ್ನೆ. ಫೆಬ್ರವರಿಯಲ್ಲಿ ತಾಂತ್ರಿಕ ಸಮಿತಿ ಸರಿಸಮನಾಗಿ ಒಡೆಯಿತು. ಅಧ್ಯಕ್ಷರ ನಿರ್ಣಾಯಕ ಮತದಿಂದ ‘ಸಿಸ್ಟಂಡಿ’ ಗೆದ್ದಿತು. ಬೇರೆ ಮಾರ್ಗದವರಿಗೂ ಎಡೆಯಿರಬೇಕೆಂದು ಸಮಿತಿಯಲ್ಲಿದ್ದ ಜ್ಯಾಕ್ಸನ್ ಸದಸ್ಯರೆಲ್ಲರ ಮುಂದೆ ಠರಾವು ತಂದರು. ನವೆಂಬರಿನಲ್ಲಿ ಮತ ಎಣಿಸಿದಾಗ ಗೆದ್ದದ್ದು, ಈ ವಿಷಯಕ್ಕೆ ಠರಾವೇ ಬೇಡ ಎಂಬ ಪಕ್ಷ. ಒಪ್ಪದ ಕೆಲವರು ದೇವುವಾನ್ ಎಂಬ ಬೇರೆ ಸಂಕಲನ ಕಟ್ಟಲು ಹೊರಟರು. ಜ್ಯಾಕ್ಸನ್, ತಾವೇ ಬರೆದ ಸಂವಿಧಾನದ ಪ್ರಕಾರ ನಡೆದ ಮತದಲ್ಲಿ ಸೋತು, ಸಮಿತಿಗೆ ರಾಜೀನಾಮೆ ಕೊಟ್ಟರು. ಡೆಬಿಯನ್ನನ್ನು ಬಿಡಲಿಲ್ಲ, ಅದರ ಕೆಲಸವನ್ನು ಮುಂದೆಯೂ ಮಾಡುತ್ತಲೇ ಇದ್ದರು.